ಹ್ಞೂಂ ಟೀಚರ್ ಪರೀಕ್ಷೆಗೆ ಕೂತದ್ದು

ನಮ್ಮ ಶಾಲೆಯ ಆಫೀಸು ಮೊದಲು ಒಂದನೇ ತರಗತಿಯ ಹಿಂದಿನ ಅರ್ಧವಾಗಿತ್ತು. ಆಫೀಸಿಗೆಂದು ಬೇರೆ ಕೋಣೆ ಕಟ್ಟಿಸಲು ಇಲಾಖೆಗೆ ಮನಸ್ಸು ಬರಲಿಲ್ಲ. ನಡುವೆ ಹಲಗೆಯ ಗೋಡೆ ನಿಲ್ಲಿಸಿ, ಆಚೆ ಮಕ್ಕಳು, ಈಚೆ ಗುಮಾಸ್ತೆ ಎಂದು ಭಾಗ ಮಾಡಿಕೊಟ್ಟರು. ಆ ಗುಮಾಸ್ತೆ ನಾನು. ಇಪ್ಪತ್ತಾರು ವರ್ಷದಿಂದ ಆ ಹಲಗೆಗೆ ಬೆನ್ನು ಕೊಟ್ಟು ಕೂತಿದ್ದೇನೆ. ಹಾಗಾಗಿ ಹ್ಞೂಂ ಟೀಚರ್ ಬಗ್ಗೆ ನನಗಿಂತ ಹೆಚ್ಚು ಗೊತ್ತಿರುವವರು ಯಾರಾದರೂ ಇದ್ದರೆ ಮುಂದೆ ಬರಲಿ, ನೋಡೇಬಿಡೋಣ. ಅವಳ ಗಂಡನಿಗೂ ಅಷ್ಟು ಗೊತ್ತಿಲ್ಲ. ಅವನು ಬಸ್ ಕಂಡಕ್ಟರು, ಮನೆಯಲ್ಲಿ ಇರುವುದಕ್ಕಿಂತ ರಸ್ತೆಯ ಮೇಲೆ ಇರುವುದೇ ಹೆಚ್ಚು. ನಾನಾದರೋ ದಿನಕ್ಕೆ ಆರು ಗಂಟೆ ಅವಳ ದನಿ ಕೇಳಿಕೊಂಡು ಬಂದವಳು.

ಆ ಹೆಸರಿಟ್ಟವರು ಮಕ್ಕಳೇ. ಓದುತ್ತಾ ಓದುತ್ತಾ ಮಗು ಒಂದು ಪದದ ಮುಂದೆ ನಿಂತುಬಿಟ್ಟರೆ ಬೇರೆ ಟೀಚರುಗಳು ಆ ಪದವನ್ನು ತಾವೇ ಹೇಳಿಬಿಡುತ್ತಾರೆ, ಇಲ್ಲವೇ 'ನಿನ್ನೆ ತಾನೇ ಹೇಳಿಕೊಟ್ಟೆನಲ್ಲ' ಎಂದು ಗದರುತ್ತಾರೆ. ಇವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮಗುವಿನ ಮುಖ ನೋಡುತ್ತಾ, 'ಹ್ಞೂಂ' ಎನ್ನುತ್ತಾಳೆ. ಅಷ್ಟೇ. ಆಮೇಲೆ ಮನಸ್ಸಿನಲ್ಲೇ ಹತ್ತರ ತನಕ ಎಣಿಸುತ್ತಾಳೆ. ಇಡೀ ಕ್ಲಾಸು ಉಸಿರು ಬಿಗಿ ಹಿಡಿದು ಕಾಯುತ್ತದೆ. ಏಳಕ್ಕೋ ಎಂಟಕ್ಕೋ ಆ ಪುಟ್ಟ ಬಾಯಿಂದ ಪದ ಹೊರಗೆ ಬರುತ್ತದೆ. ಆಗ ಮಕ್ಕಳು ಹಾಕುವ ಕೇಕೆಗೆ ಹಲಗೆ ನಡುಗಿ ನನ್ನ ಕಾಗದದಲ್ಲಿ ಅಕ್ಷರ ಸೊಟ್ಟಗಾಗುತ್ತಿತ್ತು. ಮೊದಮೊದಲು 'ಏಯ್, ಸದ್ದು!' ಎಂದು ರೂಲರಿನಿಂದ ಹಲಗೆ ಬಡಿಯುತ್ತಿದ್ದೆ. ಎಷ್ಟು ಬಡಿದರೂ ಅಷ್ಟೇ. ಆಮೇಲಾಮೇಲೆ ನನಗೂ ಅದು ಬೇಕೆನಿಸಿತು. ಕೇಕೆ ಕೇಳದ ದಿನ ಟೀ ಕೂಡ ಸಪ್ಪೆ ಎನಿಸುತ್ತಿತ್ತು.

ಅವಳು ಬಂದದ್ದು ಇಪ್ಪತ್ತನಾಲ್ಕು ವರ್ಷದ ಹಿಂದೆ. ಆಗ ಸರ್ಕಾರಕ್ಕೆ ಟೀಚರುಗಳ ಬರ. ಹನ್ನೆರಡನೇ ತರಗತಿ ಪಾಸಾದವರೆಲ್ಲ ಬನ್ನಿ, ಒಂದು ವರ್ಷದ ಮಟ್ಟಿಗೆ ಪಾಠ ಮಾಡಿ ಎಂದು ಕರೆದರು. ಹತ್ತೊಂಬತ್ತು ವರ್ಷದ ಹುಡುಗಿ, ಎರಡು ಜಡೆ, ಮಕ್ಕಳಿಗಿಂತ ಹೆಚ್ಚು ಹೆದರಿದ್ದಳು. ಮೊದಲ ದಿನ ಹಾಜರಿ ಕರೆಯುವಾಗ ಅವಳ ದನಿ ನಡುಗಿದ್ದನ್ನು ಇಲ್ಲೇ ಕೂತು ಕೇಳಿದ್ದೇನೆ. ಮೂರೇ ದಿನಕ್ಕೆ ಓಡಿಹೋಗುತ್ತಾಳೆ ಎಂದು ಹೆಡ್‌ಮಾಸ್ಟರಿಗೆ ಹೇಳಿಯೂ ಇದ್ದೆ.

ಓಡಿಹೋಗಲಿಲ್ಲ. ಅದಕ್ಕೆ ಕಾರಣ ಒಂದು ಸರ್ಕಾರಿ ಆದೇಶ ಎಂದರೆ ನೀವು ನಗುತ್ತೀರಿ. ಆದರೂ ಅದೇ ನಿಜ. ಆ ವರ್ಷ ಇಲಾಖೆಯಲ್ಲಿ ಯಾರಿಗೋ ಒಳ್ಳೆಯ ಬುದ್ಧಿ ಬಂದಿತ್ತು. ಹೊಸಬರು ಒಂದು ವರ್ಷ ಒಂಟಿಯಾಗಿ ಪಾಠ ಮಾಡುವಂತಿಲ್ಲ, ಅನುಭವಸ್ಥರೊಬ್ಬರು ಅದೇ ಕೋಣೆಯಲ್ಲಿ ಜೊತೆಗಿರಬೇಕು ಎಂದು ಬರೆದಿದ್ದರು. ನಮ್ಮಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಹಿರಿಯ ಮೇಷ್ಟ್ರು ಒಬ್ಬರಿದ್ದರು. ಅವರು ಹಿಂದಿನ ಬೆಂಚಿನಲ್ಲಿ ಕೂತು ಇವಳನ್ನು ನೋಡುವರು, ಊಟದ ಹೊತ್ತಿಗೆ ನನ್ನ ಮೇಜಿನ ಮುಂದೆ ಕೂರಿಸಿಕೊಂಡು ಹೇಳುವರು. ಮಗುವಿನ ಬಾಯಿಂದ ಪದ ಕಿತ್ತುಕೊಳ್ಳಬೇಡ, ಕೈ ಕಟ್ಟಿಕೊಂಡು ಹತ್ತು ಎಣಿಸು ಎಂದು ಕಲಿಸಿದವರು ಅವರೇ. 'ಹತ್ತು ಎಣಿಸೋಕೆ ಆಗದವರು ಮಕ್ಕಳಿಗೆ ಎಣಿಕೆ ಕಲಿಸ್ತಾರಂತೆ!' ಎಂದು ಒಮ್ಮೆ ನಮ್ಮಿಬ್ಬರನ್ನೂ ನಗಿಸಿದ್ದರು. ಮರುವರ್ಷ ಸರ್ಕಾರ ಬದಲಾಯಿತು. ಒಂದು ಕೋಣೆಗೆ ಇಬ್ಬರು ಟೀಚರು ದಂಡದ ಖರ್ಚು ಎಂದು ಯೋಜನೆ ಮುಚ್ಚಿದರು. ಮುಚ್ಚಿದ ಆದೇಶವನ್ನು ಫೈಲಿಗೆ ಹಾಕಿದವಳು ನಾನೇ. ಆಗ ಅದು ಏನೂ ಅನ್ನಿಸಲಿಲ್ಲ, ಎಷ್ಟೋ ಕಾಗದಗಳಲ್ಲಿ ಅದೂ ಒಂದು.

ಆಮೇಲೆ ಬಂದ ಆದೇಶಗಳನ್ನೆಲ್ಲ ಹೇಳಹೊರಟರೆ ತಲೆ ಚಿಟ್ಟು ಹಿಡಿಯುತ್ತದೆ. ಒಬ್ಬ ಮಂತ್ರಿ ಬಂದು ಹಾಡಿನಲ್ಲೇ ಪಾಠ ಎಂದ. ಇನ್ನೊಬ್ಬ ಬಂದು ಹಾಡು ಬೇಡ, ಕಾರ್ಡು ಎಂದ. ಪೆಟ್ಟಿಗೆಗಟ್ಟಲೆ ಕಾರ್ಡು ಬಂದು ಇಲಿಗಳ ಪಾಲಾಯಿತು. ಮನೆಗಣತಿಗೆ ಟೀಚರು, ಚುನಾವಣೆಗೆ ಟೀಚರು, ಸೊಳ್ಳೆ ಲೆಕ್ಕಕ್ಕೂ ಟೀಚರು! ಇವಳು ಎಲ್ಲದಕ್ಕೂ ಹೋಗಿ ಬರುವಳು, ಬಂದು ಕೈ ಬೆನ್ನಿಗೆ ಕಟ್ಟಿಕೊಂಡು 'ಹ್ಞೂಂ' ಎನ್ನುವಳು. ಪ್ರತಿ ಜೂನ್‌ನಲ್ಲಿ ಅವಳ ನೇಮಕದ ಪತ್ರವನ್ನು ನಾನು ಹೊಸದಾಗಿ ಬರೆಯುತ್ತಿದ್ದೆ. 'ತಾತ್ಕಾಲಿಕ' ಎಂಬ ಪದವನ್ನು ಇಪ್ಪತ್ತನಾಲ್ಕು ಸಲ ಬರೆದ ಈ ಕೈಗೆ ನಾಚಿಕೆಯಾಗಬೇಕು.

ಮೂರು ವರ್ಷದ ಹಿಂದೆ ಯಾವುದೋ ಊರಿನ ತಾತ್ಕಾಲಿಕ ಟೀಚರೊಬ್ಬ ಪತ್ರಿಕೆಯವರ ಮುಂದೆ ಒಂದು ಕಳೆಯುವ ಲೆಕ್ಕ ಮಾಡಲಾಗದೆ ಬೆಬ್ಬೆಬ್ಬೆ ಎಂದನಂತೆ. ದೊಡ್ಡ ಗದ್ದಲವಾಯಿತು. ಕೂಡಲೇ ನಿಯಮ ಬಂತು: ತಾತ್ಕಾಲಿಕದವರೆಲ್ಲ ಅರ್ಹತಾ ಪರೀಕ್ಷೆ ಬರೆಯಬೇಕು, ಮೂರು ಅವಕಾಶ, ಪಾಸಾದರೆ ಕಾಯಂ, ಇಲ್ಲದಿದ್ದರೆ ಮನೆಗೆ. ಪರೀಕ್ಷೆಯೇ ತಪ್ಪು ಎಂದು ನಾನು ಹೇಳುವುದಿಲ್ಲ. ನಮ್ಮಲ್ಲೇ ಒಬ್ಬ ಮಹಾನುಭಾವನಿದ್ದ, ಭೂಪಟ ಬಿಚ್ಚಿ ಕಿಟಕಿಗೆ ಅಡ್ಡ ಹಿಡಿದು ಅದರ ನೆರಳಲ್ಲಿ ಗೊರಕೆ ಹೊಡೆಯುತ್ತಿದ್ದ. ಅಂಥವರನ್ನು ಜರಡಿ ಹಿಡಿಯಲಿ, ಬೇಡ ಎಂದವರು ಯಾರು? ಆದರೆ ಜರಡಿಯಲ್ಲಿ ಉಳಿಯುವುದು ಕಾಳೋ ಕಲ್ಲೋ ಎಂದು ಒಮ್ಮೆ ನೋಡಬೇಕಲ್ಲ! ಆ ನಿದ್ದೆಯವನು ಮೊದಲ ಸಲಕ್ಕೇ ಪಾಸಾದ. ನಮ್ಮ ಹ್ಞೂಂ ಟೀಚರ್ ಫೇಲಾದಳು.

ನೂರೈವತ್ತಕ್ಕೆ ತೊಂಬತ್ತು ಬೇಕಿತ್ತು, ಎಪ್ಪತ್ತೊಂದು ಬಂತು. ಮರುವರ್ಷ ಅರವತ್ತಾರು. ಎರಡು ಸಲವೂ ಫಲಿತಾಂಶ ನೋಡಿ, ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡು, ಕ್ಲಾಸಿಗೆ ಹೋಗಿ ಹಾಜರಿ ಕರೆದಳು. ನನಗೆ ಮಾತ್ರ ಹೊಟ್ಟೆ ಉರಿದುಹೋಯಿತು. ಉಳಿದದ್ದು ಒಂದೇ ಅವಕಾಶ. ಅದೂ ಕೈತಪ್ಪಿದರೆ ಈ ಹಲಗೆಯ ಆಚೆ ಇನ್ಯಾರೋ ಬಂದು ಕೂರುತ್ತಾರೆ. ಅವಳನ್ನು ಕೇಳದೆಯೇ ಒಂದು ಅರ್ಜಿ ಬರೆದು, ಬೇರೆ ಕಾಗದಗಳ ನಡುವೆ ಇಟ್ಟು ಅದಕ್ಕೆ ಅವಳ ರುಜು ಹಾಕಿಸಿಕೊಂಡು, ಎರಡನೇ ಸಲದ ಉತ್ತರ ಪತ್ರಿಕೆಯ ನಕಲು ತರಿಸಿದೆ.

ಅದು ವೃತ್ತ ತುಂಬುವ ಹಾಳೆ. ಪ್ರಶ್ನೆಗೆ ನಾಲ್ಕು ಉತ್ತರ, ನಾಲ್ಕು ವೃತ್ತ, ಒಂದನ್ನು ಕಪ್ಪು ಮಾಡಬೇಕು. ಲೆಕ್ಕ, ವಿಜ್ಞಾನ, ಭಾಷೆ ಎಲ್ಲದರಲ್ಲೂ ನೆಟ್ಟಗೆ ಕಪ್ಪು ಮಾಡಿದ್ದಳು. ಅರ್ಧದಷ್ಟು ಅಂಕವಿದ್ದ, ಮಕ್ಕಳಿಗೆ ಕಲಿಸುವ ವಿಧಾನ ಎಂಬ ಭಾಗಕ್ಕೆ ಬಂದದ್ದೇ ತಡ, ಹಾಳೆಯ ಅಂಚಿನ ತುಂಬ ಇರುವೆ ಸಾಲಿನಂತೆ ಅಕ್ಷರಗಳು! ಮಗು ಪದವನ್ನು ತಪ್ಪಾಗಿ ಓದಿದಾಗ ಶಿಕ್ಷಕರು ಮೊದಲು ಏನು ಮಾಡಬೇಕು? ತಕ್ಷಣ ಸರಿಪಡಿಸಬೇಕು, ಬೇರೆ ಮಗುವಿನಿಂದ ಹೇಳಿಸಬೇಕು, ಬೋರ್ಡಿನ ಮೇಲೆ ಬರೆಯಬೇಕು, ಹತ್ತು ಸಲ ಬರೆಸಬೇಕು. ಇವಳು ನಾಲ್ಕನ್ನೂ ಖಾಲಿ ಬಿಟ್ಟು ಪಕ್ಕದಲ್ಲಿ ಬರೆದಿದ್ದಳು: 'ಕಾಯಬೇಕು. ಇದರಲ್ಲಿ ಅದು ಇಲ್ಲ.' ಮಾತಾಡದ ಮಗುವಿನ ಪ್ರಶ್ನೆಗೆ ಎರಡು ವೃತ್ತ ಕಪ್ಪು ಮಾಡಿ, 'ಮೊದಲು ಕಿವಿ ಕೇಳುತ್ತದೆಯೇ ನೋಡಬೇಕು. ನಮ್ಮಲ್ಲಿ ಒಬ್ಬಳಿಗೆ ಹಾಗಿತ್ತು' ಎಂದು ಸೇರಿಸಿದ್ದಳು. ಹಾಗೆ ಬರೆದ ಪ್ರಶ್ನೆಗಳೆಲ್ಲ ಸೊನ್ನೆ.

ಮಧ್ಯಾಹ್ನ ಅವಳನ್ನು ಹಳೆಯ ರಿಜಿಸ್ಟರುಗಳ ಕೋಣೆಗೆ ಎಳೆದುಕೊಂಡು ಹೋಗಿ ಹಾಳೆಯನ್ನು ಮುಖದ ಮುಂದೆ ಹಿಡಿದೆ.

'ಇದೇನೇ ಇದು, ಮಹಾತಾಯಿ?'

'ನಾಲ್ಕರಲ್ಲಿ ಒಂದೂ ಸರಿ ಇರ್ಲಿಲ್ಲ ಅಕ್ಕಾ. ತಪ್ಪು ಅಂತ ಗೊತ್ತಿದ್ದೂ ಹೇಗೆ ಕಪ್ಪು ಮಾಡ್ಲಿ?'

'ಪಕ್ಕದಲ್ಲಿ ಬರೆದ್ರೆ ಯಾರು ಓದ್ತಾರೆ ಅಂದ್ಕೊಂಡೆ?'

'ತಿದ್ದೋರು.'

'ತಿದ್ದೋದು ಮಷೀನು ಕಣೇ! ಮಷೀನು!'

ಅವಳು ಹಾಳೆಯನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. 'ಪೂರ್ತಿ ಮಷೀನೇನಾ? ಪಕ್ಕದಲ್ಲಿ ಒಬ್ಬರಾದ್ರೂ ಕೂತಿರಲ್ವಾ?' ಎಂದಳು.

ನನಗೆ ನಗು ಬಂತು, ನಗುತ್ತಾ ನಗುತ್ತಾ ಕಣ್ಣು ತುಂಬಿಕೊಂಡಿತು. ಇಪ್ಪತ್ತನಾಲ್ಕು ವರ್ಷ ಒಂದೊಂದು ಮಗುವಿನ ಸ್ಲೇಟನ್ನೂ ಕೈಯಲ್ಲಿ ಹಿಡಿದು ಓದಿದವಳು ಅವಳು. ಒಬ್ಬರು ಬರೆದದ್ದನ್ನು ಯಾರೂ ಓದುವುದೇ ಇಲ್ಲ ಎಂದರೆ ಅವಳ ತಲೆಗೆ ಹೇಗೆ ಹೋಗಬೇಕು? ದಡ್ಡಿ, ಶುದ್ಧ ದಡ್ಡಿ ಎಂದು ಬೈದೆ. ಆ ದಡ್ಡಿಯನ್ನು ತಬ್ಬಿಕೊಳ್ಳಬೇಕು ಎನಿಸಿತು. ತಬ್ಬಿಕೊಂಡೆ ಕೂಡ.

ಅವತ್ತಿನಿಂದ ನಾನೇ ಅವಳ ಮೇಷ್ಟ್ರು. ಮೂರು ತಿಂಗಳು, ಊಟದ ಬಿಡುವಿನಲ್ಲಿ ಅರ್ಧ ಗಂಟೆ, ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ರಿಜಿಸ್ಟರುಗಳ ದೂಳಿನ ನಡುವೆ ಕೂತೆವು. ಹಳೆಯ ಪ್ರಶ್ನೆಪತ್ರಿಕೆ ತರಿಸಿದೆ, ವೃತ್ತದ ಹಾಳೆಗಳನ್ನು ಜೆರಾಕ್ಸ್ ಮಾಡಿಸಿದೆ, ಗೋಡೆ ಗಡಿಯಾರವನ್ನು ಇಳಿಸಿ ಅವಳ ಮುಂದಿಟ್ಟೆ. ಒಂದು ಪ್ರಶ್ನೆಗೆ ಒಂದೇ ನಿಮಿಷ. ಅವಳ ಕೈ ಅಂಚಿಗೆ ಹರಿಯದಂತೆ ರಟ್ಟಿನ ಪಟ್ಟಿಯೊಂದನ್ನು ಕತ್ತರಿಸಿ ಅಡ್ಡ ಇಟ್ಟೆ.

'ಸುಳ್ಳು ಬರೀಲಾ ಅಕ್ಕಾ?' ಎಂದು ಮೊದಲ ದಿನ ಕೇಳಿದಳು.

'ಸುಳ್ಳಲ್ಲ. ಅವರಿಗೆ ಏನು ಬೇಕೋ ಅದು. ಯೋಚನೆ ಮಾಡ್ಬೇಡ. ಬೇಗ, ಬೇಗ! ತಪ್ಪು ಕಂಡ್ರೆ ತಿದ್ದು, ಮುಂದೆ ಹೋಗು. ಬೇಗ!'

ರೂಲರಿನಿಂದ ಮೇಜು ಬಡಿಯುತ್ತಿದ್ದೆ. ಅವಳು ಮಗುವಿನಂತೆ ಬೆಚ್ಚಿಬಿದ್ದು ಪೆನ್ನು ಓಡಿಸುವಳು. ಗಂಡ ಪಾಪ, ಒಳ್ಳೆಯ ಮನುಷ್ಯ. ಡ್ಯೂಟಿ ಮುಗಿಸಿ ಬಂದು ಅಡಿಗೆಯನ್ನೂ ತಾನೇ ಮಾಡತೊಡಗಿದ. ಒಂದು ದಿನ ಅವಳ ಊಟದ ಡಬ್ಬಿಯಲ್ಲಿ ಬಸ್ ಟಿಕೆಟಿನ ಹಿಂದೆ ಬರೆದು ಇಟ್ಟಿದ್ದ: 'ಈ ಸಲ ಕೊನೆಯ ಸ್ಟಾಪಿನ ತನಕ ಇಳಿಯುವಂತಿಲ್ಲ.' ಅದನ್ನು ಓದಿ ಇಬ್ಬರೂ ಅನ್ನ ನೆತ್ತಿಗೇರುವಷ್ಟು ನಕ್ಕೆವು. ಅಂಕ ಮೇಲೇರಿತು. ಎಂಬತ್ತು, ತೊಂಬತ್ನಾಲ್ಕು, ನೂರಾ ಹನ್ನೆರಡು. ನನಗೋ ಹೆಮ್ಮೆ. ಹೆಡ್‌ಮಾಸ್ಟರ ಮುಂದೆ, 'ನೋಡಿ ಸಾರ್, ನಿಮ್ಮ ಇಲಾಖೆ ಇಪ್ಪತ್ತನಾಲ್ಕು ವರ್ಷದಲ್ಲಿ ಮಾಡದ್ದನ್ನ ಮೂರು ತಿಂಗಳಲ್ಲಿ ಮಾಡಿದೀನಿ' ಎಂದು ಜಂಬ ಕೊಚ್ಚಿಕೊಂಡೆ.

ಪರೀಕ್ಷೆಗೆ ಇನ್ನೊಂದು ವಾರವಿತ್ತು. ಬೆಳಗಿನ ಹೊತ್ತು, ನಾನು ಹಾಜರಿಯ ಮೊತ್ತ ಕೂಡುತ್ತಿದ್ದೆ. ಹಲಗೆಯ ಆಚೆ ಬೀಗ ರಿಪೇರಿಯವನ ಮಗಳು ಓದುತ್ತಿದ್ದಳು. ತುಂಬ ನಿಧಾನದ ಹುಡುಗಿ. ಆದರೆ ಓದಿದ್ದನ್ನು ಮರೆಯುವವಳಲ್ಲ. 'ಮೆ... ಮೆಟ...' ಎಂದು ನಿಂತಳು.

'ಮೆಟ್ಟಿಲು. ಬೇಗ, ಬೇಗ. ಮುಂದೆ ಹೋಗು' ಎಂದಿತು ಆಚೆಯ ದನಿ.

ಕೂಡುತ್ತಿದ್ದ ಮೊತ್ತ ತಪ್ಪಿತು. ದನಿ ಅವಳದು, ಮಾತು ನನ್ನದು. ಕಿವಿಗೊಟ್ಟು ಕೂತೆ. ಇನ್ನೊಂದು ಮಗು ನಿಂತಿತು, ಅದಕ್ಕೂ ಪದವನ್ನು ಅವಳೇ ಹೇಳಿಬಿಟ್ಟಳು. ಮತ್ತೊಂದು ಮಗು, ಮತ್ತೊಂದು ಪದ. ಕೊನೆಯ ಸಲ 'ಹ್ಞೂಂ' ಕೇಳಿದ್ದು ಯಾವಾಗ, ಮಕ್ಕಳು ಕೇಕೆ ಹಾಕಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಹೋದೆ. ನೆನಪಾಗಲಿಲ್ಲ. ಅಂಕ ಎಣಿಸುವ ಭರದಲ್ಲಿ ನನ್ನ ಕಿವಿಗೂ ಮಂಕು ಬಡಿದಿತ್ತು.

ಹೇಳಬೇಕಿತ್ತು. ಎದ್ದು ಹೋಗಿ, 'ಲೇ, ನೀನು ಕಾಯ್ತಿಲ್ಲ ಕಣೇ' ಎನ್ನಬೇಕಿತ್ತು. ಹೇಳಿದರೆ ಅವಳ ಕೈ ಮತ್ತೆ ಹಾಳೆಯ ಅಂಚಿಗೆ ಹೋಗುತ್ತದೆ, ಹೋದರೆ ಕೆಲಸವೇ ಹೋಗುತ್ತದೆ. ಮೊದಲು ಪಾಸಾಗಲಿ, ಆಮೇಲೆ ನೋಡಿಕೊಳ್ಳೋಣ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ಪರೀಕ್ಷೆಯ ಹಿಂದಿನ ದಿನ ಸಂಜೆಯೂ 'ಬೇಗ, ಬೇಗ' ಎಂದೇ ಮೇಜು ಬಡಿದೆ.

ನೂರಾ ಒಂಬತ್ತು ಬಂತು. ಅವತ್ತು ಶಾಲೆಯಲ್ಲಿ ಪಾಠವೇ ನಡೆಯಲಿಲ್ಲ. ಹೆಡ್‌ಮಾಸ್ಟರು ಎಲ್ಲರಿಗೂ ಮಿಠಾಯಿ ಹಂಚಿದರು, ಗಂಡ ಯೂನಿಫಾರ್ಮಿನಲ್ಲೇ ಓಡಿಬಂದು ನನ್ನ ಕಾಲಿಗೆ ಬೀಳಹೋದ. 'ಏಳಪ್ಪಾ, ನನಗೇನು ಅಷ್ಟು ವಯಸ್ಸಾಗಿದ್ಯಾ?' ಎಂದು ಗದರಿದೆ. 'ತಾತ್ಕಾಲಿಕ' ಇಲ್ಲದ ಪತ್ರವನ್ನು ಮೊದಲ ಸಲ ಬರೆದು ಅವಳ ಕೈಗಿಟ್ಟೆ. ಅವಳು ಅದನ್ನು ಎರಡು ಸಲ ಓದಿ, ಮಡಿಸಿ, ನನ್ನ ಹೆಗಲ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತಳು. ಎರಡು ಸಲ ಫೇಲಾದಾಗ ಅಳದವಳು ಪಾಸಾದಾಗ ಅತ್ತಳು. ನಾನು ಬೆನ್ನು ಸವರುತ್ತಿದ್ದೆ. ಒಳಗೊಳಗೇ ಮುಳ್ಳೊಂದು ಚುಚ್ಚುತ್ತಲೇ ಇತ್ತು.

ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ಹದಿನೈದು ದಿನ ತಳ್ಳಿದೆ. ಇಷ್ಟು ಬಾಯಿ ಇರುವ ನನಗೆ ಅದೊಂದು ಮಾತಿಗೆ ಬಾಯಿ ಬರಲಿಲ್ಲ. ಕೊನೆಗೆ ಹೇಳಿದ್ದು ಬೀಗ ರಿಪೇರಿಯವನ ಮಗಳೇ.

ಓದಲು ಅವಳ ಸರದಿ ಬಂತು. ಪುಸ್ತಕ ಮುಚ್ಚಿದ ಸದ್ದು ಹಲಗೆಯ ಈಚೆಗೂ ಕೇಳಿತು. 'ನೀವೇ ಓದಿ ಟೀಚರ್. ನಾನು ನಿಧಾನ' ಎಂದಳು. ಅಳಲಿಲ್ಲ, ಹಟ ಮಾಡಲಿಲ್ಲ. ಬಸ್ಸಿನಲ್ಲಿ ದೊಡ್ಡವರಿಗೆ ಜಾಗ ಬಿಟ್ಟುಕೊಡುವ ಹಾಗೆ ಮರ್ಯಾದೆಯಿಂದ ಹೇಳಿದಳು. ಗಂಟೆ ಹೊಡೆಯುವ ತನಕ ನನಗೆ ಬೇರೇನೂ ಕೇಳಿಸಲಿಲ್ಲ.

ಅವಳು ಆಫೀಸಿಗೆ ಬಂದು ನನ್ನೆದುರು ಕುರ್ಚಿಯ ತುದಿಯಲ್ಲಿ ಕೂತಳು.

'ಅಕ್ಕಾ, ನಾನು ಹೀಗಾಗಿದ್ದು ಯಾವಾಗಿಂದ?'

'ಪರೀಕ್ಷೆಗೆ ಮುಂಚಿಂದ.'

'ನಿಮಗೆ ಗೊತ್ತಿತ್ತಾ?'

'ಗೊತ್ತಿತ್ತು.'

'ಯಾಕೆ ಹೇಳ್ಲಿಲ್ಲ?'

'ನೀನು ಇಲ್ಲೇ ಇರ್ಬೇಕಿತ್ತು ಕಣೇ. ನೀನು ಹೋಗಿಬಿಟ್ರೆ ನಾನು ಈ ಹಲಗೆಗೆ ಬೆನ್ನು ಕೊಟ್ಟು ಏನು ಕೇಳ್ಲಿ? ಸ್ವಾರ್ಥ ಅನ್ನು, ಏನಾದ್ರೂ ಅನ್ನು.' ಮೇಜಿನ ಮೇಲಿದ್ದ ರೂಲರನ್ನು ಆಚೆ ಸರಿಸಿದೆ. 'ಕೆಡಿಸಿದ್ದು ನಾನೇ. ನೀನು ಬೈದ್ರೂ ಬೈಸ್ಕೋತೀನಿ.'

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತನ್ನ ಎರಡು ಕೈಗಳನ್ನೂ ಮಡಿಲಲ್ಲಿಟ್ಟು ನೋಡುತ್ತಾ ಕೂತಳು. ಆಮೇಲೆ ಮೆಲ್ಲಗೆ ಹೇಳಿದಳು:

'ಈಗಲೂ ಎಣಿಸೋಕೆ ಹೋಗ್ತೀನಿ ಅಕ್ಕಾ. ಮೂರಕ್ಕೇ ಬಾಯಿ ಓಡಿಬಿಡತ್ತೆ. ತಲೆಯೊಳಗೆ ಗಡಿಯಾರ ಕೂತಿದೆ.' ಕುರ್ಚಿಯಿಂದ ಎದ್ದು, 'ನಾಳೆಯಿಂದ ದಿನಾ ಒಂದು ಪೀರಿಯಡ್ ಹಿಂದಿನ ಬೆಂಚಲ್ಲಿ ಕೂತ್ಕೋತೀರಾ? ನಾನು ಆತುರ ಮಾಡಿದ್ರೆ ಕೆಮ್ಮಿ' ಎಂದಳು.

'ಮತ್ತೆ ನನ್ನ ಫೈಲುಗಳು?'

'ಫೈಲುಗಳು ಎಲ್ಲಿಗೆ ಹೋಗ್ತವೆ?'

ಹೋದೆ. ಆರು ವರ್ಷದ ಮಕ್ಕಳ ಬೆಂಚಿನಲ್ಲಿ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತೆ. ಮೊದಲ ದಿನ ಒಂಬತ್ತು ಸಲ ಕೆಮ್ಮಿದೆ. ಪಕ್ಕದಲ್ಲಿದ್ದ ಪುಟಾಣಿಯೊಬ್ಬಳು, 'ಬಿಸಿನೀರು ಕುಡೀರಿ ಆಂಟಿ, ಹೋಗತ್ತೆ' ಎಂದು ತನ್ನ ಬಾಟಲಿಯನ್ನೇ ಕೊಟ್ಟಳು. ಎರಡನೇ ದಿನ ಏಳು. ಟೀಚರ್ ಬೆನ್ನ ಹಿಂದೆ ಕೈ ಕಟ್ಟುವಳು, ಬಾಯಿ ತೆರೆಯುವಳು, ನನ್ನ ಕಡೆ ನೋಡಿ ತುಟಿ ಕಚ್ಚಿಕೊಳ್ಳುವಳು. ಮೂರನೇ ದಿನ ನಾಲ್ಕು. ಮಕ್ಕಳಿಗೆ ಒಗಟು ಬಿಡಿಸಿದಂತಾಗಿ, ಟೀಚರ್ ಆತುರಪಟ್ಟಾಗಲೆಲ್ಲ ನನಗಿಂತ ಮೊದಲೇ ಇಡೀ ಕ್ಲಾಸು ಕೆಮ್ಮತೊಡಗಿತು. ಬೀಗ ರಿಪೇರಿಯವನ ಮಗಳು ಮಾತ್ರ ಕೆಮ್ಮಲಿಲ್ಲ, ಪುಸ್ತಕವನ್ನೂ ತೆರೆಯಲಿಲ್ಲ. ಟೀಚರ್ ಬಲವಂತ ಮಾಡಲಿಲ್ಲ. ದಿನಾ ಅವಳ ಸರದಿ ಬಂದಾಗ ಅವಳ ಮುಂದೆ ಒಂದು ಗಳಿಗೆ ನಿಂತು, ತಲೆ ಸವರಿ, ಮುಂದಿನವರ ಹತ್ತಿರ ಹೋಗುತ್ತಿದ್ದಳು.

ಎಂಟನೇ ದಿನ ಹುಡುಗಿ ತಾನಾಗಿಯೇ ಪುಸ್ತಕ ತೆರೆದಳು. ಬೆರಳಿಟ್ಟು ಓದಿದಳು. 'ಅಜ್ಜನ... ಹೊಸ... ಚ...' ಅಲ್ಲಿಗೆ ನಿಂತಳು.

ಟೀಚರ್ ಕೈ ಬೆನ್ನಿಗೆ ಹೋಯಿತು. 'ಹ್ಞೂಂ' ಎಂದಳು.

ನಾನೂ ಎಣಿಸಿದೆ. ಐದು. ಎಂಟು. ಅವಳ ಬೆನ್ನ ಹಿಂದಿನ ಬೆರಳುಗಳು ಒಂದನ್ನೊಂದು ಹಿಸುಕಿ ಬೆಳ್ಳಗಾಗಿದ್ದವು. ಹತ್ತಾಯಿತು. ಅವಳು ಬಾಯಿ ಬಿಡಲಿಲ್ಲ. ಹನ್ನೊಂದು. ಹುಡುಗಿಯ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು.

ಆಗ ನೋಡಿ, ಹೆಡ್‌ಮಾಸ್ಟರು ಕೈಯಲ್ಲಿ ಫೋನು ಹಿಡಿದು ಏದುಸಿರು ಬಿಡುತ್ತಾ ನನ್ನನ್ನು ಹುಡುಕಿಕೊಂಡು ಬಾಗಿಲಿಗೆ ಬಂದರು. 'ಮೇಡಂ, ಇಲಾಖೆಯಿಂದ ಫೋನು! ಪಾಸಾದ ಟೀಚರುಗಳ ಪಟ್ಟಿ ಈ ಕ್ಷಣವೇ ಬೇಕಂತೆ. ಸಾಹೇಬರು ಲೈನಲ್ಲೇ ಇದಾರೆ!'

ಇಪ್ಪತ್ತಾರು ವರ್ಷದಲ್ಲಿ ಇಲಾಖೆಯ ಫೋನಿಗೆ ನಾನು ಎದ್ದು ನಿಲ್ಲದ ದಿನವಿಲ್ಲ. ಅವತ್ತು ಆ ಪುಟ್ಟ ಬೆಂಚಿನಿಂದ ಏಳಲಿಲ್ಲ. ಕೈಯೊಂದನ್ನು ಮೇಲೆತ್ತಿದೆ.

'ಕಾಯೋಕೆ ಹೇಳಿ ಸಾರ್' ಎಂದೆ. 'ಮಗು ಓದ್ತಾ ಇದೆ.'